ಮೀಡಿಯೇಟರ್ ಹತ್ತಿರ ಬಾಯಿಬಿಡಲು ಭಯ ಏಕೆ?

"ಸರ್, ಇಲ್ಲಿ ಹೇಳಿದ್ದು ನಾಳೆ ಜಡ್ಜ್ ಕಿವಿಗೆ ಬಿದ್ದರೆ?" ಕೋರ್ಟ್ ಕಳಿಸಿದ ಕೇಸಿನಲ್ಲಿ ಎರಡೂ ಕಡೆಯವರನ್ನು ಕೂರಿಸಿ ರಾಜಿಗೆ ಪ್ರಯತ್ನಿಸುವ ಮೀಡಿಯೇಟರ್ ನಾನು. ಹೀಗೆ ಮಧ್ಯಸ್ಥಿಕೆಗೆ ಬಂದವರು ಈಗಲೂ ಇದನ್ನೇ ಕೇಳುತ್ತಾರೆ. ಬೆಂಗಳೂರಿನಲ್ಲಿ ಮಧ್ಯಸ್ಥಿಕೆ ಕೇಂದ್ರ ಶುರುವಾದದ್ದು 2007ರಲ್ಲಿ. ಇಷ್ಟು ವರ್ಷವಾದರೂ ಈ ಭಯ ಹೋಗಿಲ್ಲ ಎಂದರೆ ಬೇಜಾರಾಗುತ್ತದೆ.

ಜಡ್ಜ್ ಕಿವಿಗೆ ಬೀಳುವುದಿಲ್ಲ. ರಾಜಿ ಆಗದಿದ್ದರೆ ನಾನು ಕೋರ್ಟಿಗೆ ಬರೆಯುವುದು 'ರಾಜಿ ಆಗಲಿಲ್ಲ' ಎಂದಷ್ಟೇ. ಯಾರು ಹಟ ಮಾಡಿದರು, ಯಾರು ಎಷ್ಟಕ್ಕೆ ಒಪ್ಪಿದ್ದರು, ಒಂದಕ್ಷರವೂ ಬರೆಯುವಂತಿಲ್ಲ. 2010ರಲ್ಲಿ ಸುಪ್ರೀಂ ಕೋರ್ಟ್ ಮೋತಿ ರಾಮ್ ಪ್ರಕರಣದಲ್ಲಿ ಇದನ್ನೇ ಹೇಳಿದೆ. ನೀವು ನನ್ನೊಬ್ಬನ ಹತ್ತಿರ ಗುಟ್ಟಾಗಿ ಹೇಳಿದ್ದನ್ನು ನೀವು ಒಪ್ಪದೆ ಎದುರಿನವರಿಗೂ ಹೇಳುವುದಿಲ್ಲ. 'ಅರ್ಧ ಎಕರೆ ಬಿಡುತ್ತೇನೆ' ಎಂದಿರಿ, ಮಾತು ಮುರಿಯಿತು ಅಂದುಕೊಳ್ಳಿ. ಕೋರ್ಟಿನಲ್ಲಿ ನಿಮ್ಮ ಪೂರ್ತಿ ಪಾಲನ್ನೇ ಕೇಳಬಹುದು. ಆ ಅರ್ಧ ಎಕರೆ ಮಾತನ್ನು ಯಾರೂ ಸಾಕ್ಷಿಯಾಗಿ ಎತ್ತುವಂತಿಲ್ಲ.

ಆದರೆ ಎರಡು ಎಚ್ಚರಿಕೆ. ಮೊದಲೇ ಇದ್ದ ಪಹಣಿ, ಕ್ರಯಪತ್ರಗಳನ್ನು ಇಲ್ಲಿ ತೋರಿಸಿದ ಮಾತ್ರಕ್ಕೆ ಅವು ಗುಟ್ಟಾಗುವುದಿಲ್ಲ. ಇನ್ನು ರಾಜಿ ಪತ್ರಕ್ಕೆ ಸಹಿ ಹಾಕಿದ ಮೇಲೆ ಅದು ಬಾಯಿ ಮಾತಲ್ಲ. ಕೋರ್ಟ್ ಅದನ್ನು ಡಿಕ್ರಿ, ಅಂದರೆ ತನ್ನದೇ ತೀರ್ಪಿನಂಥ ಆದೇಶ, ಮಾಡುತ್ತದೆ. ಹಾಗಾಗಿ ಸಹಿಗೆ ಮುಂಚೆ ನಿಮ್ಮ ವಕೀಲರಿಗೆ ತೋರಿಸಿ.

ಅಣ್ಣ ತಮ್ಮಂದಿರ ಪಾಲಿನ ದಾವೆಯೊಂದು ಬಂದಿತ್ತು. ಹನ್ನೊಂದು ವರ್ಷ ವಾಯಿದೆಗೆ ಓಡಾಡಿದ್ದರು. ಮೂರು ಸಲ ಕೂತರೂ ಅಣ್ಣ "ಅರ್ಧ ಪಾಲು ಕೊಡಲಿ" ಅನ್ನುವುದು ಬಿಟ್ಟು ಬೇರೆ ಮಾತಾಡಲಿಲ್ಲ. ನಾಲ್ಕನೇ ಸಲ ಅಣ್ಣನೊಬ್ಬರನ್ನೇ ಕೂರಿಸಿ, ಮೇಲೆ ಬರೆದದ್ದನ್ನೆಲ್ಲ ಇನ್ನೊಮ್ಮೆ ಬಿಡಿಸಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಜಮೀನು ಜಾಸ್ತಿ ಏನೂ ಬೇಡ ಸರ್. ನನ್ನ ಬೋರ್‌ವೆಲ್‌ಗೆ ಅವನ ಹೊಲದ ಮೇಲೇ ಹೋಗಬೇಕು. ದಾರಿ ಬಿಟ್ಟರೆ ಸಾಕು. ಇದನ್ನು ಹೇಳಿದರೆ ಪಾಲೇ ಬಿಟ್ಟ ಅಂತ ಬರೆದುಕೊಂಡುಬಿಡ್ತೀರಿ ಅಂತ ಹೆದರಿದ್ದೆ."

ಎಷ್ಟು ವರ್ಷ ಹಾಳಾಯಿತು ಅಲ್ವಾ? ಅವರ ಒಪ್ಪಿಗೆ ಕೇಳಿ, ಆ ಮಾತನ್ನು ತಮ್ಮನಿಗೆ ಮುಟ್ಟಿಸಿದೆ. ಅವರು ಅಣ್ಣನ ಮುಖ ನೋಡದೆಯೇ "ಆಯ್ತು" ಅಂದರು. ರಾಜಿ ಪತ್ರಕ್ಕೆ ನಕ್ಷೆ ಸೇರಿಸಿದೆವು. ದಾರಿ 10 ಅಡಿ ಎಂದು ಬರೆದಿತ್ತು. ಸಹಿ ಹಾಕುತ್ತಿದ್ದ ತಮ್ಮ, ಪೆನ್ನು ನಿಲ್ಲಿಸಿದರು. "ಹುಲ್ಲು ತುಂಬಿದ ಟ್ರಾಲಿ ತಿರುಗಲ್ಲ, 12 ಮಾಡಿಸ್ಕೋ ಅಣ್ಣ."