ಹುಟ್ಟಿದ ದಿನ ಬಂದ ವೈರಸ್

ಕಾರಟಗಿಯ ರೈಸ್ ಮಿಲ್ಲುಗಳ ಗೋದಾಮಿನಲ್ಲಿ ಚೀಲ ಕೊರೆಯುವ ಸುಂಡಿಲಿಗೂ ಸಂಶೋಧನಾಲಯದ ಬಿಳಿ ಇಲಿಗೂ ಕುಲ ಒಂದೇ. ಈ ಇಲಿಗಳಿಗೆ ಕ್ಯಾನ್ಸರ್ ಗಡ್ಡೆ ತರಬಲ್ಲ ಪಾಲಿಯೋಮಾ ಎಂಬ ವೈರಸ್ ಒಂದಿದೆ. ಅಮೆರಿಕದಲ್ಲಿ ಹೊಲ, ಕಣಜ, ಹಳೆಯ ವಠಾರಗಳ ಇಲಿಗಳನ್ನು ಹಿಡಿದು ಪರೀಕ್ಷೆ ಮಾಡಿದಾಗ ಈ ಸೋಂಕಿನ ಗುರುತು ಧಾರಾಳವಾಗಿ ಸಿಕ್ಕಿತು. ಗಡ್ಡೆ ಸಿಕ್ಕಿದ್ದು ಮಾತ್ರ ಅಪರೂಪ. ಅದೇ ವೈರಸ್ಸನ್ನು ಪ್ರಯೋಗಾಲಯದಲ್ಲಿ ಆಗತಾನೆ ಹುಟ್ಟಿದ ಮರಿಗೆ ಚುಚ್ಚಿದರೆ ಕೆಲವೇ ತಿಂಗಳಲ್ಲಿ ಜೊಲ್ಲಿನ ಗ್ರಂಥಿ, ಮೂತ್ರಪಿಂಡ, ಚರ್ಮ, ಮೂಳೆ, ಎಲ್ಲೆಂದರಲ್ಲಿ ಗಡ್ಡೆ ಏಳುತ್ತದೆ. ಬೆಳೆದ ಇಲಿಗೆ ಚುಚ್ಚಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ.

ಗಂಗಾವತಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ನನಗೆ ಈ ವ್ಯತ್ಯಾಸ ಬಹಳ ಮುಖ್ಯ ಅನ್ನಿಸುತ್ತದೆ. ನಮ್ಮ ಹೆರಿಗೆ ವಾರ್ಡುಗಳಲ್ಲಿ ಕೂಸಿಗೆ ಮೊದಲ ದಿನವೇ ಚುಚ್ಚುವ ಹೆಪಟೈಟಿಸ್ ಬಿ ಸೂಜಿಯ ಅರ್ಥ ತಿಳಿಸಲು ಇಲಿಗಳ ಈ ಕತೆಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

ಕತೆಯಲ್ಲಿ ಮೊದಲು ಬರುವವರು ಲುಡ್ವಿಕ್ ಗ್ರಾಸ್. ಪೋಲೆಂಡಿನಲ್ಲಿ ಹುಟ್ಟಿ, ಯುದ್ಧಕಾಲದಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದು, ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದ್ದ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸಕ್ಕೆ ನಿಂತ ವೈದ್ಯರು. ರಕ್ತದ ಕ್ಯಾನ್ಸರಿನಿಂದ ಸಾಯುವ ಇಲಿಗಳ ಅಂಗಾಂಶವನ್ನು ಅರೆದು, ಜೀವಕೋಶವೂ ಬ್ಯಾಕ್ಟೀರಿಯವೂ ದಾಟಲಾಗದಷ್ಟು ಸೂಕ್ಷ್ಮವಾಗಿ ಸೋಸಿ, ಆ ರಸವನ್ನು ಆರೋಗ್ಯವಂತ ಇಲಿಗಳಿಗೆ ಚುಚ್ಚುತ್ತಿದ್ದರು. ಏನೂ ಆಗುತ್ತಿರಲಿಲ್ಲ. ಆ ಹೊತ್ತಿಗೆ ಗಿಲ್ಬರ್ಟ್ ಡಾಲ್‌ಡಾರ್ಫ್ ಎಂಬವರು ಕಾಕ್ಸಾಕಿ ವೈರಸ್ಸನ್ನು ಹಾಲುಗುಡಿಯುವ ಮರಿಗಳಲ್ಲಿ ಬೆಳೆಸಿದ ಸುದ್ದಿ ಗ್ರಾಸ್ ಕಿವಿಗೆ ಬಿತ್ತು. ಅವರೂ ಹುಟ್ಟಿ ಒಂದು ದಿನವೂ ತುಂಬದ ಮರಿಗಳಿಗೆ ಚುಚ್ಚಿ ನೋಡಿದರು. ಮರಿಗಳು ಬೆಳೆದ ಮೇಲೆ ಅವಕ್ಕೆ ರಕ್ತದ ಕ್ಯಾನ್ಸರ್ ಬಂತು. 1951ರಲ್ಲಿ ಇದನ್ನು ಪ್ರಕಟಿಸಿದಾಗ ನಂಬಿದವರು ಕಡಿಮೆ. ಕ್ಯಾನ್ಸರ್ ವೈರಸ್ಸಿನಿಂದ ಬರುತ್ತದೆ ಎಂಬ ಮಾತನ್ನೇ ಆಗ ಬಹಳ ಜನ ಒಪ್ಪುತ್ತಿರಲಿಲ್ಲ. ಅದೇ ಪ್ರಯೋಗಗಳಲ್ಲಿ ಕೆಲವು ಇಲಿಗಳಿಗೆ ಜೊಲ್ಲಿನ ಗ್ರಂಥಿಯ ಗಡ್ಡೆ ಎದ್ದದ್ದನ್ನು ಗ್ರಾಸ್ ಗಮನಿಸಿದರು. ಅದು ಬೇರೊಂದು ವೈರಸ್ಸಿನ ಕೆಲಸವಾಗಿತ್ತು. ಮುಂದೆ ಸಾರಾ ಸ್ಟೀವರ್ಟ್ ಮತ್ತು ಬರ್ನೀಸ್ ಎಡ್ಡಿ ಅದನ್ನು ಜೀವಕೋಶಗಳಲ್ಲಿ ಬೆಳೆಸಿ ಪಾಲಿಯೋಮಾ ಎಂದು ಹೆಸರಿಟ್ಟರು.

ಎಳೆ ಮರಿಯಲ್ಲಿ ಇಲ್ಲದ್ದು, ದೊಡ್ಡ ಇಲಿಯಲ್ಲಿ ಇರುವುದು ಏನು? ಉತ್ತರ ಸಿಕ್ಕಿದ್ದು ಅದನ್ನು ಹುಡುಕುತ್ತಲೇ ಇರದ ಒಬ್ಬರಿಗೆ. ಲಂಡನ್ನಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಜಾಕ್ ಮಿಲ್ಲರ್ ಎಂಬ ಯುವಕ ಗ್ರಾಸ್ ಅವರ ವೈರಸ್ಸಿನ ಮೇಲೆಯೇ ಕೆಲಸ ಮಾಡುತ್ತಿದ್ದರು. ಎದೆಮೂಳೆಯ ಹಿಂದೆ, ಹೃದಯದ ಮೇಲುಗಡೆ ಇರುವ ಥೈಮಸ್ ಗ್ರಂಥಿಯಲ್ಲಿ ಈ ರಕ್ತದ ಕ್ಯಾನ್ಸರ್ ಶುರುವಾಗುತ್ತಿತ್ತು. ತಿಂಗಳ ಇಲಿಯಿಂದ ಆ ಗ್ರಂಥಿ ತೆಗೆದರೆ ಕ್ಯಾನ್ಸರ್ ಬರುತ್ತಿರಲಿಲ್ಲ. ಹಾಗಾದರೆ ಥೈಮಸ್ ಇಲ್ಲದೆ ವೈರಸ್ ಬೆಳೆಯುತ್ತದೆಯೇ ಎಂಬುದು ಮಿಲ್ಲರ್ ಅವರ ಪ್ರಶ್ನೆ. ವೈರಸ್ಸನ್ನು ಹುಟ್ಟಿದ ದಿನವೇ ಚುಚ್ಚಬೇಕಾದ್ದರಿಂದ ಗ್ರಂಥಿಯನ್ನೂ ಅದೇ ದಿನ ತೆಗೆಯಬೇಕಾಯಿತು. ಹುಟ್ಟಿದ ಇಲಿಮರಿಯ ತೂಕ ಒಂದು ಗ್ರಾಂ ಚಿಲ್ಲರೆ. ಕೂದಲಿಲ್ಲದ, ಕಣ್ಣು ತೆರೆಯದ, ಕೆಂಪು ಬೆರಳ ತುದಿಯಂಥ ಜೀವ. ಅದರ ಎದೆ ತೆರೆದು ಗ್ರಂಥಿ ತೆಗೆದು, ಹೊಲಿದು, ಮತ್ತೆ ತಾಯಿಯ ಮಡಿಲಿಗೆ ಬಿಡುವುದು ಎಂಥ ಕುಸುರಿ ಕೆಲಸ ಎಂದು ಯೋಚಿಸಿದಾಗಲೆಲ್ಲ ನನಗೆ ಬೆರಗಾಗುತ್ತದೆ.

ಮರಿಗಳು ಮೊದಮೊದಲು ಚೆನ್ನಾಗಿಯೇ ಬೆಳೆದವು. ಹಾಲು ಬಿಟ್ಟ ಮೇಲೆ ಸೊರಗತೊಡಗಿದವು, ಸೋಂಕು ತಗುಲಿ ಸತ್ತವು. ವೈರಸ್ ಚುಚ್ಚದೆ ಬರೀ ಗ್ರಂಥಿ ತೆಗೆದವೂ ಹಾಗೆಯೇ ಸತ್ತವು. ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ತೀರ ಕಡಿಮೆ. ಬೇರೆ ತಳಿಯ ಇಲಿಯ ಚರ್ಮ ಕಸಿ ಮಾಡಿದರೆ ತಳ್ಳಿಹಾಕುವ ಬದಲು ಒಪ್ಪಿಕೊಂಡುಬಿಟ್ಟವು. ಅಲ್ಲಿಯವರೆಗೆ ಥೈಮಸ್ಸನ್ನು ಲಿಂಫೋಸೈಟುಗಳು ಹೋಗಿ ಸಾಯುವ ಜಾಗ, ಉಪಯೋಗವಿಲ್ಲದ ಅಂಗ ಎಂದೇ ತಿಳಿದಿದ್ದರು. ರೋಗನಿರೋಧಕ ಶಕ್ತಿಯ ಅರ್ಧಭಾಗ ಪಳಗುವುದೇ ಅಲ್ಲಿ ಎಂದು 1961ರಲ್ಲಿ ಗೊತ್ತಾಯಿತು. ಲಿಂಫೋಸೈಟುಗಳಲ್ಲೇ ಒಂದು ಬಗೆಯಾದ ಟಿ-ಕೋಶಗಳು ಥೈಮಸ್ಸಿನಲ್ಲಿ ಬಲಿಯುತ್ತವೆ ಎಂದು ಪಿಯುಸಿ ಪುಸ್ತಕದಲ್ಲಿ ಒಂದು ಸಾಲು ಬರುತ್ತದಲ್ಲ, ಆ ಸಾಲಿನ ಹಿಂದೆ ಇರುವುದು ಇಲಿಗಳ ರಕ್ತದ ಕ್ಯಾನ್ಸರ್ ಮತ್ತು ಅದನ್ನು ತಂದ ವೈರಸ್.

ಇಲಿಯ ಟಿ-ಕೋಶಗಳು ಹೆಚ್ಚಿನ ಪಾಲು ಹುಟ್ಟಿದ ನಂತರವೇ ಥೈಮಸ್ಸಿನಿಂದ ಹೊರಬರುತ್ತವೆ. ಮೊದಲ ದಿನ ಬಂದ ವೈರಸ್ಸಿಗೆ ಬಾಗಿಲು ತೆರೆದಂತೆಯೇ. ಪಾಲಿಯೋಮಾಕ್ಕೆ ಜಗ್ಗದ ತಳಿಯ ಇಲಿಗಳಿಂದಲೂ ಹುಟ್ಟಿದಾಗಲೇ ಥೈಮಸ್ ತೆಗೆದರೆ ಅವಕ್ಕೆ ಗಡ್ಡೆ ಬಂತು, ಲಿಂಫೋಸೈಟುಗಳನ್ನು ಮರಳಿ ಕೊಟ್ಟರೆ ತಪ್ಪಿತು. ಇನ್ನು ಕಣಜದ ಇಲಿಗಳು ಬಚಾವಾದದ್ದು ತಾಯಿಯಿಂದ. ಹಿಂದೆಯೇ ಸೋಂಕು ತಗುಲಿ ಗುಣವಾದ ತಾಯಿ, ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ತನ್ನ ಪ್ರತಿಕಾಯಗಳನ್ನು ಗರ್ಭದಲ್ಲೂ ಹಾಲಿನಲ್ಲೂ ಮರಿಗೆ ಕೊಡುತ್ತದೆ. ಆ ಕಾವಲು ಕರಗುವ ಹೊತ್ತಿಗೆ ಮರಿಯ ಸ್ವಂತ ಟಿ-ಕೋಶಗಳು ತಯಾರಾಗಿರುತ್ತವೆ.

ಬಲಿತ ಟಿ-ಕೋಶಗಳು ಗಡ್ಡೆಯನ್ನು ಗುರುತಿಸುವುದು ಹೇಗೆ ಎಂಬುದಕ್ಕೂ 1961ರಲ್ಲೇ ದಾರಿ ತೆರೆಯಿತು. ಸ್ವೀಡನ್ನಿನಲ್ಲಿ ಶೋಗ್ರೆನ್, ಹೆಲ್‌ಸ್ಟ್ರೋಮ್ ಮತ್ತು ಕ್ಲೈನ್, ಅಮೆರಿಕದಲ್ಲಿ ಕಾರ್ಲ್ ಹಾಬೆಲ್, ಬೇರೆಬೇರೆಯಾಗಿ ಒಂದೇ ವಿಷಯ ಕಂಡರು. ಬೆಳೆದ ಇಲಿಗೆ ಮೊದಲೇ ಪಾಲಿಯೋಮಾ ವೈರಸ್ ಕೊಟ್ಟಿಟ್ಟರೆ, ಆಮೇಲೆ ಪಾಲಿಯೋಮಾ ಗಡ್ಡೆಯ ಕೋಶಗಳನ್ನು ಕಸಿ ಮಾಡಿದರೂ ಅದು ಅವನ್ನು ನಾಶ ಮಾಡುತ್ತದೆ. ರಾಸಾಯನಿಕದಿಂದ ಎಬ್ಬಿಸಿದ ಗಡ್ಡೆಗಳಲ್ಲಿ ಹೀಗಿರಲಿಲ್ಲ, ಒಂದೊಂದು ಗಡ್ಡೆಗೆ ಒಂದೊಂದು ಗುರುತು. ವೈರಸ್ಸಿನ ಗಡ್ಡೆಗಳೋ, ಒಂದೇ ಮಿಲ್ಲಿನಿಂದ ಹೊರಟ ಅಕ್ಕಿ ಚೀಲಗಳಂತೆ. ಒಳಗಿನದು ಸೋನಾ ಮಸೂರಿಯೋ ಮತ್ತೊಂದೋ, ಚೀಲದ ಮೇಲೆ ಮಿಲ್ಲಿನ ಅಚ್ಚು ಒಂದೇ. ಮೂತ್ರಪಿಂಡದ ಗಡ್ಡೆಯಾಗಲಿ, ಮೂಳೆಯ ಗಡ್ಡೆಯಾಗಲಿ, ಪಾಲಿಯೋಮಾ ತಂದಿದ್ದಾದರೆ ಅದರ ಕೋಶಗಳು ಪಾಲಿಯೋಮಾದ ಪ್ರೋಟೀನ್ ತುಣುಕುಗಳನ್ನು ಹೊರಮೈಯಲ್ಲಿ ತೋರಿಸುತ್ತವೆ. ವೈರಸ್ಸಿನ ಕ್ಯಾನ್ಸರಿಗೆ ಲಸಿಕೆ ಸಾಧ್ಯ ಎಂಬ ಭರವಸೆಗೆ ಇದಕ್ಕಿಂತ ಗಟ್ಟಿ ಆಧಾರ ಆಗ ಇರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ರೋಗನಿರೋಧಕ ಶಕ್ತಿ ಎಂದರೆ ಬರೀ ಒಳ್ಳೆಯದು ಎಂದಾಗುತ್ತದೆ. ಅದು ನಿಜವಲ್ಲ. 1936ರಲ್ಲಿ ಜಾನ್ ಬಿಟ್ನರ್, ಸ್ತನ ಕ್ಯಾನ್ಸರ್ ವಿಪರೀತವಾಗಿದ್ದ ತಳಿಯ ಹೆಣ್ಣುಮರಿಗಳನ್ನು ಹುಟ್ಟಿದ ಕೂಡಲೇ ಎತ್ತಿ ಬೇರೆ ತಳಿಯ ತಾಯಿಯ ಹಾಲಿಗೆ ಬಿಟ್ಟರು. ಅವುಗಳಲ್ಲಿ ಕ್ಯಾನ್ಸರ್ ಬಹಳ ಕಡಿಮೆಯಾಯಿತು. ಕ್ಯಾನ್ಸರ್ ದಾಟುತ್ತಿದ್ದದ್ದು ಹಾಲಿನಲ್ಲಿ. ಅದೂ ವೈರಸ್ಸೇ ಎಂದು ಆಮೇಲೆ ಖಚಿತವಾಯಿತು. (ಇದು ಇಲಿಗಳ ವೈರಸ್. ಮನುಷ್ಯರ ತಾಯಿಹಾಲಿಗೂ ಇದಕ್ಕೂ ಗಂಟು ಹಾಕಬೇಡಿ.) ಹಾಲಿನೊಂದಿಗೆ ಮರಿಯ ಕರುಳಿಗಿಳಿದ ಈ ವೈರಸ್ ಮೊದಲು ಸೇರುವುದು ಅಲ್ಲಿನ ಬಿ-ಕೋಶಗಳನ್ನು, ಅಂದರೆ ಪ್ರತಿಕಾಯ ತಯಾರಿಸುವ ಲಿಂಫೋಸೈಟುಗಳನ್ನು. ಸೇರಿದ ಮೇಲೆ ತನ್ನದೊಂದು ಪ್ರೋಟೀನನ್ನು ಕೋಶದ ಮೇಲೆ ಎತ್ತಿ ತೋರಿಸುತ್ತದೆ. ಮಾಮೂಲಿ ವೈರಸ್ ತುಣುಕಿಗೆ ಸಾವಿರಾರು ಟಿ-ಕೋಶಗಳಲ್ಲಿ ಒಂದೋ ಎರಡೋ ಪ್ರತಿಕ್ರಿಯಿಸಿದರೆ, ಈ ಪ್ರೋಟೀನಿಗೆ ನೂರಕ್ಕೆ ಐದೋ ಹತ್ತೋ ಒಟ್ಟಿಗೆ ಕೆರಳುತ್ತವೆ. ಕೆರಳಿದ ಟಿ-ಕೋಶಗಳು ಬಿ-ಕೋಶಗಳಿಗೆ ಬೆಳೆಯಲು ಉತ್ತೇಜನ ಕೊಡುತ್ತವೆ, ಅವುಗಳ ಜೊತೆಗೇ ವೈರಸ್ಸೂ ಹೆಚ್ಚುತ್ತದೆ, ಕೊನೆಗೆ ಸ್ತನ ಗ್ರಂಥಿ ಸೇರುತ್ತದೆ. ಹಾಗಾಗಿ ಟಿ-ಕೋಶಗಳೇ ಇಲ್ಲದ ಇಲಿಯಲ್ಲಿ ಈ ವೈರಸ್ ಸರಿಯಾಗಿ ಹರಡುವುದೇ ಇಲ್ಲ. ಈ ವಿಷಯ 1991ರ ಸುಮಾರಿಗೆ ಬಯಲಾಯಿತು.

ಇನ್ನೂ ಒಂದು ಗಂಟು ಇದೆ, ನನ್ನ ಮಟ್ಟಿಗೆ ಇಡೀ ಕತೆಯಲ್ಲಿ ಅತ್ಯಂತ ಸೊಗಸಿನದು. ಈ ಸ್ತನ ವೈರಸ್ಸಿನ ಕೆಲವು ಪ್ರತಿಗಳು ಎಂದೋ ಇಲಿಯ ವಂಶವಾಹಿಯೊಳಗೇ ಸೇರಿ ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುತ್ತಿವೆ. ಅಂಥ ಇಲಿಯ ಥೈಮಸ್ ಆ ಪ್ರೋಟೀನನ್ನು ತನ್ನದೇ ಎಂದು ತಿಳಿದು, ಅದಕ್ಕೆ ಕೆರಳುವ ಟಿ-ಕೋಶಗಳನ್ನೆಲ್ಲ ಎಳೆಯದರಲ್ಲೇ ಅಳಿಸಿಹಾಕುತ್ತದೆ. ಹೊರಗಿನಿಂದ ಅದೇ ಬಗೆಯ ಸ್ತನ ವೈರಸ್ ಬಂದರೆ ಕೆರಳುವವರೇ ಇಲ್ಲ, ಇಲಿ ಬಚಾವ್. ಆದರೆ ಒಂದು ತಳಿಯಲ್ಲಿ ಹೀಗೆ ಅಳಿಸಿಹೋದ ಟಿ-ಕೋಶಗಳೇ ಪಾಲಿಯೋಮಾ ಗಡ್ಡೆಯನ್ನು ಹೊಡೆಯಬೇಕಾಗಿದ್ದವು! ಆ ಇಲಿಗಳು ಪಾಲಿಯೋಮಾಕ್ಕೆ ಸುಲಭವಾಗಿ ತುತ್ತಾಗುವುದಕ್ಕೆ ಇದೇ ಕಾರಣ ಎಂದು 1995ರಲ್ಲಿ ತೋರಿಸಿಕೊಟ್ಟರು.

ಈಗ ಮನುಷ್ಯರ ವಿಷಯಕ್ಕೆ ಬರೋಣ. ನಮ್ಮ ಕಡೆಯ ಹೆರಿಗೆ ವಾರ್ಡುಗಳಲ್ಲಿ ಈ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ. ಅಜ್ಜಿ ಕೇಳುತ್ತಾಳೆ: "ಎಳೇ ಕೂಸಿಗೆ ಇವತ್ತೇ ಸೂಜಿ ಯಾಕ್ರೀ ಸಿಸ್ಟರ್? ಐದೇಶಿ ಆಗ್ಲಿ, ಆಮ್ಯಾಲ ಹಾಕ್ಸಿದ್ರ ನಡೆಯಂಗಿಲ್ಲೇನು?" ಸಿಸ್ಟರ್ ಹೇಳುತ್ತಾರೆ: "ಇಲ್ಲ ಅಜ್ಜೀ. ಬಿಸಿಜಿ ಒಂದಿನ ತಡ ಆದ್ರ ನಡೀತದ. ಇದು ಇವತ್ತೇ ಆಗ್ಬೇಕು." ಎಡ ತೊಡೆಗೆ ಅರ್ಧ ಎಂ.ಎಲ್. ಚುಚ್ಚುವ ಅದು ಹೆಪಟೈಟಿಸ್ ಬಿ ಲಸಿಕೆ.

ಹೆಪಟೈಟಿಸ್ ಬಿ ಲಿವರಿನ ವೈರಸ್. ದೊಡ್ಡವರಿಗೆ ತಗುಲಿದರೆ ಕಾಮಣಿ ಆಗಬಹುದು, ಆದರೆ ನೂರರಲ್ಲಿ ತೊಂಬತ್ತೈದಕ್ಕೂ ಹೆಚ್ಚು ಜನರ ಮೈ ಅದನ್ನು ತಾನೇ ಹೊರಹಾಕುತ್ತದೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ದಾಟಿದರೆ ಲೆಕ್ಕ ತಲೆಕೆಳಗು. ನೂರು ಕೂಸುಗಳಲ್ಲಿ ಸುಮಾರು ತೊಂಬತ್ತರ ಲಿವರಿನಲ್ಲಿ ಅದು ಬದುಕಿಡೀ ಉಳಿದುಬಿಡುತ್ತದೆ. ದಶಕಗಳ ನಂತರ ಅದು ಲಿವರ್ ಸಿರೋಸಿಸ್ ಆಗಬಹುದು, ಲಿವರ್ ಕ್ಯಾನ್ಸರ್ ಆಗಬಹುದು. ಇಲ್ಲಿ ಕ್ಯಾನ್ಸರ್ ಬರುವ ಬಗೆ ಪಾಲಿಯೋಮಾದಂತೆ ಅಲ್ಲ. 1998ರಲ್ಲಿ ಅಮೆರಿಕದ ಫ್ರಾನ್ಸಿಸ್ ಚಿಸಾರಿ ಅವರ ತಂಡ ಹೆಪಟೈಟಿಸ್ ಬಿ ಪ್ರೋಟೀನ್ ಹೊತ್ತು ಹುಟ್ಟಿದ ಇಲಿಗಳಿಗೆ, ಅದನ್ನು ಗುರುತಿಸಿ ಹೊಡೆಯುವ ಬೇರೆ ಇಲಿಗಳ ರೋಗನಿರೋಧಕ ಕೋಶಗಳನ್ನು ಕೊಟ್ಟಿತು. ಆ ಕೋಶಗಳು ಲಿವರನ್ನು ಹೊಡೆಯುತ್ತಲೇ ಹೋದವು, ಪೂರ್ತಿ ಗೆಲ್ಲಲಿಲ್ಲ. ಲಿವರ್ ಸಾಯುತ್ತ, ಮತ್ತೆ ಬೆಳೆಯುತ್ತ, ಕೊನೆಗೆ ಅಲ್ಲೇ ಕ್ಯಾನ್ಸರ್ ಗಡ್ಡೆ ಎದ್ದಿತು. ವೈರಸ್ಸನ್ನು ಓಡಿಸಲಾರದ, ಸುಮ್ಮನೂ ಇರಲಾರದ ಅರೆಬರೆ ಹೋರಾಟವೇ ಅಪಾಯ. ಆ ಹೋರಾಟ ಶುರುವಾಗದಂತೆ ತಡೆಯುವುದೇ ಮೊದಲ ದಿನದ ಸೂಜಿಯ ಕೆಲಸ.

ತೈವಾನ್ 1984ರಲ್ಲಿ ಎಳೆಗೂಸುಗಳಿಗೆ ಈ ಲಸಿಕೆ ಹಾಕಲು ಶುರು ಮಾಡಿತು. ಅಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಲಕ್ಷಕ್ಕೆ 0.70 ಇದ್ದದ್ದು 0.36ಕ್ಕೆ ಇಳಿಯಿತೆಂದು 1997ರಲ್ಲಿ ವರದಿಯಾಯಿತು. ಲಸಿಕೆಯಿಂದ ಕ್ಯಾನ್ಸರ್ ಕಡಿಮೆಯಾದದ್ದನ್ನು ಮನುಷ್ಯರಲ್ಲಿ ಕಂಡದ್ದು ಅದೇ ಮೊದಲು.

ನಮ್ಮಲ್ಲಿ ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್. ಆಮೇಲೆ 6, 10, 14ನೇ ವಾರದಲ್ಲಿ ಪೆಂಟಾವೇಲೆಂಟ್ ಸೂಜಿಯಲ್ಲೇ ಇದೂ ಸೇರಿರುತ್ತದೆ. ಬಸುರಿಯ ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ ಕಂಡರೆ ಕೂಸಿಗೆ ಲಸಿಕೆಯ ಜೊತೆ ಇಮ್ಯುನೋಗ್ಲಾಬ್ಯುಲಿನ್ ಎಂಬ ತಯಾರು ಪ್ರತಿಕಾಯಗಳನ್ನೂ ಕೊಡುತ್ತಾರೆ. ಅಂಥ ತಾಯಂದಿರು ಹಾಲು ಕುಡಿಸಲು ಅಂಜಬೇಕಿಲ್ಲ, ಹಾಲಿನಿಂದ ಇದು ದಾಟುವುದಿಲ್ಲ. ಮನೆಯಲ್ಲೋ ದಾರಿಯಲ್ಲೋ ಹೆರಿಗೆಯಾದರೆ ಅದೇ ದಿನ ಆಶಾ ಕಾರ್ಯಕರ್ತೆಗೆ ಹೇಳಿ ಕೂಸನ್ನು ಆಸ್ಪತ್ರೆಗೆ ಒಯ್ಯಬೇಕು. ದೇಶದ ಎಲ್ಲ ಕಡೆ ಈ ಲಸಿಕೆ ಮುಟ್ಟಿದ್ದು 2011ರಿಂದ ಈಚೆಗೆ. ಅದಕ್ಕೂ ಮೊದಲು ಹುಟ್ಟಿದ ನಮ್ಮಲ್ಲಿ ಬಹಳ ಜನರಿಗೆ ಇದು ಸಿಕ್ಕಿಲ್ಲ. 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಇದರ ಪರೀಕ್ಷೆಯೂ ಚಿಕಿತ್ಸೆಯೂ ಉಚಿತ. ಮನೆಯಲ್ಲಿ ಯಾರಿಗಾದರೂ ಈ ಸೋಂಕು ಇದೆಯೆಂದು ಗೊತ್ತಾದರೆ ಉಳಿದವರೂ ಪರೀಕ್ಷೆ ಮಾಡಿಸಿ, ಸೋಂಕು ಇಲ್ಲದವರು ಲಸಿಕೆ ಹಾಕಿಸಿಕೊಳ್ಳಬೇಕು.