ನೀರು ಕುಡಿಯುವ ಬ್ರೇಕ್ ಆಯಿಲ್

ಮೂರು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಸಂಡೂರಿನ ರಾಮಗಡಕ್ಕೆ ಹೋಗಿದ್ದೆವು. ಚಿಕ್ಕ ಕಾರು. ಒಳಗೆ ಐದು ಜನ, ಡಿಕ್ಕಿಯಲ್ಲಿ ಬುತ್ತಿ, ನೀರಿನ ಕ್ಯಾನು. ಮಧ್ಯಾಹ್ನ ಬೆಟ್ಟ ಇಳಿಯುವಾಗ ಮೊದಲ ಐದಾರು ತಿರುವು ಎಲ್ಲ ಸರಿಯಿತ್ತು. ಆಮೇಲೆ ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಮೆತ್ತಗೆ, ಕಾಲಿಗೆ ಏನೂ ತಾಗದ ಹಾಗೆ ಕೆಳಗೆ ಹೋಯಿತು. ಕಾರು ನಿಧಾನವಾಗಲಿಲ್ಲ. ಪಟಪಟನೆ ನಾಲ್ಕೈದು ಸಲ ಒತ್ತಿದೆ. ಗೇರನ್ನು ಎರಡಕ್ಕೆ, ಆಮೇಲೆ ಒಂದಕ್ಕೆ ಇಳಿಸಿದೆ. ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆದೆ. ಬೆಟ್ಟದ ಬದಿಯ ಮಣ್ಣಿಗೆ ಚಕ್ರ ಇಳಿಸಿ ಹೇಗೋ ನಿಲ್ಲಿಸಿದೆ. ಹಿಂದೆ ಕೂತಿದ್ದ ಅವ್ವ ಏನೂ ಮಾತಾಡಲಿಲ್ಲ. ಅವಳ ಎರಡೂ ಕೈ ನನ್ನ ಸೀಟನ್ನು ಗಟ್ಟಿಯಾಗಿ ಹಿಡಿದಿದ್ದವು.

ಅರ್ಧ ಗಂಟೆ ಬಿಟ್ಟು ಒತ್ತಿ ನೋಡಿದರೆ ಪೆಡಲ್ ಮೊದಲಿನಂತೆ ಗಟ್ಟಿಯಾಗಿತ್ತು. ನನಗೆ ಜಾಸ್ತಿ ಹೆದರಿಕೆಯಾಗಿದ್ದು ಆಗಲೇ. ಮುರಿದದ್ದು ತಾನಾಗಿ ಕೂಡಿಕೊಳ್ಳುವುದಿಲ್ಲ, ಅಲ್ವಾ? ಮೊದಲ ಗೇರಿನಲ್ಲೇ ತೆವಳುತ್ತ ಕೆಳಗಿಳಿದು ಬಳ್ಳಾರಿಗೆ ಬಂದೆವು. ಮಾರನೆಯ ದಿನ ನಮ್ಮ ಓಣಿಯ ಹಳೆಯ ಮೆಕ್ಯಾನಿಕ್ ಚಾಚಾ ಅವರಿಗೆ ತೋರಿಸಿದೆ. ಅವರು ಬಾನೆಟ್ ಎತ್ತಿ, ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ನೋಡಿ ಒಂದೇ ಮಾತು ಕೇಳಿದರು. "ಇದನ್ನ ಯಾವಾಗ ಬದಲಿ ಮಾಡ್ಸೀರಿ?"

ಮಾಡಿಸಿಯೇ ಇರಲಿಲ್ಲ. ಕಾರಿಗೆ ಆರು ವರ್ಷವಾಗಿತ್ತು. ಇಂಜಿನ್ ಆಯಿಲ್ ಮಾತ್ರ ತಪ್ಪದೆ ಹೊಸದು ಹಾಕಿಸುತ್ತಿದ್ದೆ. "ಎಣ್ಣಿ ನೀರು ಕುಡದೈತ್ರಿ. ಗುಡ್ಡ ಇಳಿಯಾಗ ಕುದ್ದೈತಿ," ಅಂದರು ಚಾಚಾ. ಆ ಮಾತಿನ ಒಳಗೆ ಎಷ್ಟು ವಿಜ್ಞಾನ ಅಡಗಿದೆ ಎಂದು ಓದಿ ತಿಳಿಯಲು ನನಗೆ ಕೆಲವು ತಿಂಗಳು ಹಿಡಿಯಿತು.

ಓಡುವ ಕಾರಿನಲ್ಲಿ ಶಕ್ತಿ ಇರುತ್ತದೆ. ಕಾರು ನಿಲ್ಲಬೇಕಾದರೆ ಆ ಶಕ್ತಿ ಎಲ್ಲಿಗಾದರೂ ಹೋಗಬೇಕು. ಬ್ರೇಕ್ ಅದನ್ನು ಉಜ್ಜಿ ಉಜ್ಜಿ ಬಿಸಿಯಾಗಿ ಬದಲಿಸುತ್ತದೆ. ಲೆಕ್ಕ ಸುಲಭವಾಗಲಿ ಎಂದು ಕಾರಿನ ತೂಕ 1,000 ಕಿಲೋ ಎಂದಿಟ್ಟುಕೊಳ್ಳೋಣ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದರ ಚಲನ ಶಕ್ತಿ ಸುಮಾರು 247 ಕಿಲೋಜೂಲ್. ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ನೀರನ್ನು 30 ಡಿಗ್ರಿಯಿಂದ ಕುದಿಯುವ ತನಕ ಕಾಯಿಸಲು ಇಷ್ಟು ಬೇಕು. ಗ್ಯಾಸ್ ಒಲೆಗೆ ನಾಲ್ಕೈದು ನಿಮಿಷ ಹಿಡಿಯುವ ಈ ಕೆಲಸ, ಬ್ರೇಕ್ ಜೋರಾಗಿ ಒತ್ತಿದಾಗ ನಾಲ್ಕು ಸೆಕೆಂಡಿನೊಳಗೆ ಮುಗಿದಿರುತ್ತದೆ. ವೇಗ ಅರ್ಧಕ್ಕೆ ಇಳಿದು 40 ಆದರೆ ಶಕ್ತಿ ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ: 62 ಕಿಲೋಜೂಲ್.

ಬೆಟ್ಟದ ಲೆಕ್ಕ ಇನ್ನೂ ಜೋರು. ಅದೇ ಕಾರು 300 ಮೀಟರ್ ಎತ್ತರದಿಂದ ಒಂದೇ ವೇಗದಲ್ಲಿ ಇಳಿಯಲಿ. ಎಲ್ಲ ಹೊರೆಯನ್ನೂ ಬ್ರೇಕಿಗೇ ಬಿಟ್ಟರೆ, ಅದು 10 ಲೀಟರ್ ನೀರು ಕುದಿಸುವಷ್ಟು ಬಿಸಿಯನ್ನು ನುಂಗಬೇಕು. ಇದರಲ್ಲಿ ಹೆಚ್ಚಿನ ಪಾಲು ಮುಂದಿನ ಎರಡು ಚಕ್ರಗಳ ಮೇಲೆ ಬೀಳುತ್ತದೆ, ಯಾಕೆಂದರೆ ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಚಿಕ್ಕ ಕಾರುಗಳಲ್ಲಿ ಮುಂದೆ ಡಿಸ್ಕ್ (ಚಕ್ರದ ಜೊತೆ ತಿರುಗುವ ಕಬ್ಬಿಣದ ತಟ್ಟೆ), ಹಿಂದೆ ಡ್ರಮ್ (ಮುಚ್ಚಿದ ಡಬ್ಬಿಯಂಥದ್ದು) ಇಡುವುದು ಇದಕ್ಕೇ. ತೆರೆದಿರುವ ಡಿಸ್ಕ್ ಗಾಳಿಗೆ ಬೇಗ ಆರುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಅದು 300 ಡಿಗ್ರಿ ದಾಟುವುದೂ ಉಂಟು. ನಮ್ಮ ಬಳ್ಳಾರಿಯ 42 ಡಿಗ್ರಿ ಬಿಸಿಲು ಅದರ ಮುಂದೆ ಏನೂ ಅಲ್ಲ.

ಆ ಬಿಸಿ ಡಿಸ್ಕಿನಿಂದ ಅದನ್ನು ಅದುಮಿ ಉಜ್ಜುವ ಪ್ಯಾಡಿಗೆ, ಪ್ಯಾಡಿನಿಂದ ಅದನ್ನು ಒತ್ತುವ ಪಿಸ್ಟನ್ನಿಗೆ, ಅಲ್ಲಿಂದ ಅದರ ಹಿಂದಿರುವ ಬ್ರೇಕ್ ಆಯಿಲ್‌ಗೆ ದಾಟುತ್ತದೆ. ಎಲ್ಲರೂ ಆಯಿಲ್ ಅನ್ನುತ್ತೇವೆ, ನಾನೂ ಹಾಗೇ ಅನ್ನುತ್ತೇನೆ. ಆದರೆ ಅದು ಎಣ್ಣೆ ಅಲ್ಲ. ಗ್ಲೈಕಾಲ್ ಜಾತಿಯ ದ್ರವ. ಎಣ್ಣೆ ನೀರನ್ನು ದೂರ ಇಡುತ್ತದೆ, ಇದು ನೀರನ್ನು ಕರೆದು ಒಳಗೆ ಸೇರಿಸಿಕೊಳ್ಳುತ್ತದೆ. ಡಬ್ಬಿಯ ಮುಚ್ಚಳದ ಸಣ್ಣ ದಾರಿಯಿಂದ, ಕೊನೆಗೆ ರಬ್ಬರ್ ಪೈಪಿನ ಮೈಯಿಂದಲೂ ಗಾಳಿಯ ತೇವ ಒಳಗೆ ಇಳಿಯುತ್ತದೆ. ನಮ್ಮದು ಒಣ ಹವೆಯ ಸೀಮೆ ನಿಜ. ಆದರೂ ನಾಲ್ಕು ಮಳೆಗಾಲ ಕಂಡ ದ್ರವ ಸಾಕಷ್ಟು ನೀರು ಕುಡಿದೇ ಇರುತ್ತದೆ.

ಬಾಟಲಿಯ ಮೇಲೆ ಡಾಟ್ 3, ಡಾಟ್ 4 ಎಂದು ಬರೆದಿರುತ್ತದೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು, ಡಾಟ್ 4 ಆದರೆ 230 ಡಿಗ್ರಿ ತನಕ. ಅದೇ ದ್ರವದಲ್ಲಿ ನೂರಕ್ಕೆ 3.7 ಪಾಲು ನೀರು ಸೇರಿದರೆ ಈ ಮಿತಿ 140 ಮತ್ತು 155ಕ್ಕೆ ಕುಸಿಯುತ್ತದೆ. ಒಂದು ಲೋಟಕ್ಕೆ ಒಂದೂವರೆ ಚಮಚದಷ್ಟು ನೀರು ಅಷ್ಟೇ. ಅಷ್ಟಕ್ಕೇ 65, 75 ಡಿಗ್ರಿ ಹೋಯಿತು.

ಕುದಿದರೆ ಏನಾಗುತ್ತದೆ? 17ನೇ ಶತಮಾನದಲ್ಲಿ ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ಕಂಡುಕೊಂಡ ನಿಯಮದ ಮೇಲೆ ಇಡೀ ಬ್ರೇಕ್ ನಿಂತಿದೆ. ಮುಚ್ಚಿದ ದ್ರವವನ್ನು ಒಂದು ಕಡೆ ಒತ್ತಿದರೆ ಒತ್ತಡ ಎಲ್ಲ ಕಡೆಗೂ ಅಷ್ಟೇ ತಲುಪುತ್ತದೆ. ದ್ರವ ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಾಗಾಗಿ ಕಾಲು ಒತ್ತಿದ್ದು ಆ ಕ್ಷಣವೇ ನಾಲ್ಕು ಚಕ್ರಕ್ಕೂ ಮುಟ್ಟುತ್ತದೆ. ಆವಿ ಹಾಗಲ್ಲ, ಅದು ಸ್ಪಂಜಿನ ಹಾಗೆ ಕುಗ್ಗುತ್ತದೆ. ಒಂದು ಹನಿ ನೀರು ಆವಿಯಾದರೆ 1,600 ಪಟ್ಟಿಗೂ ಮೀರಿ ಹಿಗ್ಗುತ್ತದೆ. ಪೈಪಿನೊಳಗೆ ಅಂಥ ಗುಳ್ಳೆ ಎದ್ದರೆ ನಿಮ್ಮ ಕಾಲಿನ ಬಲವೆಲ್ಲ ಗುಳ್ಳೆಯನ್ನು ಹಿಂಡುವುದರಲ್ಲೇ ಮುಗಿಯುತ್ತದೆ, ಪ್ಯಾಡ್ ತನಕ ಹೋಗುವುದಿಲ್ಲ. ತಣ್ಣಗಾದ ಮೇಲೆ ಆವಿ ಮತ್ತೆ ನೀರಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ. ರಾಮಗಡದ ತಿರುವಿನಲ್ಲಿ ಆಗಿದ್ದು ಇದೇ. ಊರೊಳಗೆ ಓಡಿಸುವಾಗ ಈ ದೋಷ ಕಾಣುವುದೇ ಇಲ್ಲ. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಬೆಟ್ಟ ಇಳಿಯುವ ದಿನವೇ ಕಾಣುತ್ತದೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಿಸಿ. ಕಾರು ಕಡಿಮೆ ಓಡಿದೆ ಎಂದು ಬಿಡಬೇಡಿ. ಅದು ನೀರು ಕುಡಿಯಲು ಕಾರು ಓಡಲೇಬೇಕೆಂದಿಲ್ಲ.

ಪೆಡಲ್ ಯಾವಾಗಲೂ ಮೆತ್ತಗಿದ್ದರೆ ಕಾರಣ ಬೇರೆ, ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಒತ್ತಿ ಹಿಡಿದಾಗ ಮೆಲ್ಲಗೆ ಕೆಳಗಿಳಿಯುತ್ತ ಹೋದರೆ ಪೆಡಲಿನ ಒತ್ತನ್ನು ದ್ರವಕ್ಕೆ ದಾಟಿಸುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಸೋತಿರಬಹುದು, ಇಲ್ಲವೇ ಎಲ್ಲೋ ಸೋರುತ್ತಿರಬಹುದು. ಡಬ್ಬಿಯಲ್ಲಿ ಆಯಿಲ್ ಕಡಿಮೆಯಾಯಿತೆಂದು ಸುಮ್ನೆ ಮೇಲಿಂದ ಸುರಿದು ಮುಚ್ಚಬೇಡಿ. ಅದು ಖರ್ಚಾಗುವ ವಸ್ತುವಲ್ಲ. ಕಡಿಮೆಯಾಗಿದೆ ಅಂದರೆ ಪ್ಯಾಡ್ ಸವೆದಿದೆ ಅಥವಾ ಸೋರಿಕೆ ಇದೆ.

ನಮ್ಮ ಕಡೆ ಇಳಿಜಾರು ಸಿಕ್ಕರೆ ನ್ಯೂಟ್ರಲ್ ಮಾಡುವ ಅಭ್ಯಾಸ ಇನ್ನೂ ಹೋಗಿಲ್ಲ. ಕೆಲವರು ಇಂಜಿನ್ನೇ ಬಂದ್ ಮಾಡುತ್ತಾರೆ. ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ. ಈಗಿನ ಇಂಜೆಕ್ಷನ್ ಇಂಜಿನ್‌ಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ, ಇಳಿಜಾರಿನಲ್ಲಿ ಇಂಧನ ಪೂರೈಕೆ ನಿಂತೇ ಹೋಗುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಉರಿಯುತ್ತಿರಲು ಪೆಟ್ರೋಲ್ ಬೇಕೇ ಬೇಕು. ಅಂದರೆ ಉಳಿತಾಯವೂ ಗೇರಿನಲ್ಲೇ ಇದೆ, ಬ್ರೇಕಿನ ಹೊರೆ ಇಳಿಯುವುದೂ ಗೇರಿನಿಂದಲೇ. ಇಂಜಿನ್ ಬಂದ್ ಮಾಡುವುದಂತೂ ಬಹಳ ಅಪಾಯ. ಪೆಟ್ರೋಲ್ ಇಂಜಿನ್ ಉಸಿರೆಳೆಯುವಾಗ ಹುಟ್ಟುವ ನಿರ್ವಾತವೇ ನಮ್ಮ ಕಾಲಿನ ಒತ್ತನ್ನು ಹೆಚ್ಚಿಸಿ ಕೊಡುವ ಬ್ರೇಕ್ ಬೂಸ್ಟರಿಗೆ ಬಲ. ಡೀಸೆಲ್ ಕಾರಿನಲ್ಲಿ ಇಂಜಿನ್ ತಿರುಗಿಸುವ ಪಂಪು ಅದನ್ನು ಕೊಡುತ್ತದೆ. ಇಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟು ಮಾತ್ರ ಉಳಿದಿರುತ್ತದೆ. ಆಮೇಲೆ ಪೆಡಲ್ ಕಲ್ಲು.

ಇಳಿಜಾರಿಗೂ ಬ್ರೇಕಿಗೂ ಹಳೆಯ ನಂಟು. 1888ರಲ್ಲಿ ಜರ್ಮನಿಯ ಬರ್ತಾ ಬೆಂಜ್ ಗಂಡ ಕಾರ್ಲ್ ಬೆಂಜ್ ಕಟ್ಟಿದ ಮೂರು ಗಾಲಿಯ ಕಾರನ್ನು ತೆಗೆದುಕೊಂಡು, ಇಬ್ಬರು ಮಕ್ಕಳೊಂದಿಗೆ ನೂರು ಕಿ.ಮೀ. ಆಚೆಯ ತವರಿಗೆ ಹೊರಟರು. ಇಳಿಜಾರುಗಳಲ್ಲಿ ಮರದ ಬ್ರೇಕ್ ತುಂಡುಗಳು ಸವೆದುಹೋದವು. ದಾರಿಯ ಊರಿನಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ನಿಂತು ಅದಕ್ಕೆ ಚರ್ಮ ಹೊಡೆಸಿಕೊಂಡರು. ಇಂದು ನಾವು ಲೈನರ್ ಎಂದು ಕರೆಯುವುದರ ಮೊದಲ ರೂಪ ಅದು. ಚಪ್ಪಲಿಯ ಅಂಗಡಿಯಲ್ಲಿ ಹುಟ್ಟಿದ ಬ್ರೇಕ್ ಲೈನರ್! ನನಗೆ ಈ ಕಥೆ ತುಂಬ ಇಷ್ಟ.

ಇನ್ನು ಸದ್ದಿನ ವಿಷಯ. ಚಿಕ್ಕ ಕಾರು ಇಟ್ಟವರ ಮೊದಲ ದೂರೇ ಇದು: ಬ್ರೇಕ್ ಒತ್ತಿದರೆ ಕೀಂ ಅನ್ನುತ್ತದೆ. ಪ್ಯಾಡ್ ಡಿಸ್ಕಿಗೆ ಒಂದೇ ಸಮನೆ ಉಜ್ಜುವುದಿಲ್ಲ. ಅಂಟುತ್ತದೆ, ಜಾರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ಸಾವಿರಾರು ಸಲ. ಒದ್ದೆ ಬೆರಳಿನಿಂದ ಗಾಜಿನ ಲೋಟದ ಅಂಚು ಉಜ್ಜಿದರೆ ಲೋಟ ಹಾಡುತ್ತದಲ್ಲ, ಹಾಗೆ ಡಿಸ್ಕ್ ಹಾಡುತ್ತದೆ. ಇದು ಅಪಾಯವಲ್ಲ, ಕಿರಿಕಿರಿ ಮಾತ್ರ. ಆದರೆ ಹಲವು ಪ್ಯಾಡುಗಳಲ್ಲಿ ಒಂದು ತಗಡಿನ ನಾಲಿಗೆ ಇರುತ್ತದೆ. ಪ್ಯಾಡ್ ಎರಡು ಮೂರು ಮಿ.ಮೀ.ಗೆ ಸವೆದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಕೂಗಲೆಂದೇ ಇಟ್ಟದ್ದು ಅದು. ಎರಡು ಕೂಗೂ ಹೆಚ್ಚುಕಡಿಮೆ ಒಂದೇ ತರ ಕೇಳುತ್ತವೆ. ಚಕ್ರ ಬಿಚ್ಚಿ ನೋಡುವುದೇ ದಾರಿ. ಕರ್‌ರ್ ಎಂದು ಕೊರೆಯುವ ಸದ್ದು ಬಂದರೆ ಪ್ಯಾಡ್ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ. ಅಲ್ಲಿಗೆ ನಿಲ್ಲಿಸಬೇಕು.

ನಮ್ಮ ಜಿಲ್ಲೆಯಲ್ಲಿ ಸದ್ದಿಗೆ ಇನ್ನೊಂದು ಕಾರಣವಿದೆ. ತೋರಣಗಲ್ಲು, ಸಂಡೂರು ಕಡೆ ಅದಿರು ಲಾರಿಗಳ ಹಿಂದೆ ಹೋದವರಿಗೆ ಆ ಕೆಂಪು ಧೂಳು ಗೊತ್ತು. ಅದರ ಮುಖ್ಯ ಭಾಗ ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಇದೇ ಆಕ್ಸೈಡಿನ ನುಣುಪಾದ ಪುಡಿಯಿಂದ ಚಿನ್ನಕ್ಕೆ, ಗಾಜಿಗೆ, ದೂರದರ್ಶಕದ ಕನ್ನಡಿಗೆ ಹೊಳಪು ಕೊಡುತ್ತಾರೆ. ಅದು ಉಜ್ಜುವ ಪುಡಿ. ಪ್ಯಾಡಿಗೂ ಡಿಸ್ಕಿಗೂ ನಡುವೆ ಸಿಕ್ಕರೆ ಅಲ್ಲೂ ಉಜ್ಜುತ್ತದೆ. ಜೊತೆಗೆ ಬರುವ ಮರಳಿನ ಕಣ ಇನ್ನೂ ಗಟ್ಟಿ, ಡಿಸ್ಕಿನ ಮೇಲೆ ಗೆರೆ ಕೊರೆಯುತ್ತದೆ. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. ಅವರ ಪ್ಯಾಡ್ ತಾಮ್ರದ್ದು. ಅಂದಿನ ಧೂಳು ರಸ್ತೆಗಳಲ್ಲಿ ತಾಮ್ರ ಬೇಗ ಸವೆಯಿತು, ಜೊತೆಗೆ ಕಿವಿ ಸೀಳುವ ಸದ್ದು. ಒಳ್ಳೆಯ ಯೋಚನೆ ದಶಕಗಳ ಕಾಲ ಮೂಲೆಗೆ ಸೇರಿತು.

ಮಳೆಯ ಮಾರನೆಯ ಬೆಳಿಗ್ಗೆ ಡಿಸ್ಕ್ ಕೆಂಪಾಗಿದ್ದರೆ ಹೆದರಬೇಡಿ. ಡಿಸ್ಕ್ ಎರಕದ ಕಬ್ಬಿಣ. ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ಅದಿರಿನಿಂದ ಆಮ್ಲಜನಕವನ್ನು ಕಿತ್ತು ಕಬ್ಬಿಣ ಮಾಡುತ್ತಾರೆ. ಒಂದು ರಾತ್ರಿಯ ಮಳೆ ಆ ಆಮ್ಲಜನಕವನ್ನು ಮೇಲ್ಪದರಕ್ಕೆ ವಾಪಸ್ ತಂದು ಕೂರಿಸುತ್ತದೆ. ಮೊದಲ ನಾಲ್ಕೈದು ಬ್ರೇಕಿಗೆ ತುಕ್ಕು ಹೋಗುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನ ಕಥೆ ಬೇರೆ, ಅಲ್ಲಿ ತುಕ್ಕು ಗುಳಿ ತೋಡುತ್ತದೆ. ಒದ್ದೆ ಕಾರನ್ನು ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ಬಿಟ್ಟರೆ ಹಿಂದಿನ ಡ್ರಮ್ಮಿಗೆ ಲೈನರ್ ಅಂಟಿಕೊಳ್ಳುತ್ತದೆ. ಊರಿಗೆ ಹೋಗುವಾಗ ಸಮತಟ್ಟಾದ ಜಾಗದಲ್ಲಿ ಗೇರ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು ಹೋಗುವುದು ಒಳ್ಳೆಯದು.

ಗ್ಯಾರೇಜಿನ ಹುಡುಗರಿಗೆ ಒಂದು ಮಾತು. ಡ್ರಮ್ ಬಿಚ್ಚಿದ ಕೂಡಲೇ ಗಾಳಿ ಹೊಡೆದು ಧೂಳು ಹಾರಿಸಬೇಡಿ. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದು ಶ್ವಾಸಕೋಶಕ್ಕೆ ಹೊಕ್ಕರೆ ಹತ್ತಾರು ವರ್ಷದ ಮೇಲೆ ಕ್ಯಾನ್ಸರ್ ತರಬಲ್ಲದು. ಒದ್ದೆ ಬಟ್ಟೆಯಿಂದ ಒರೆಸಿ, ಮೂಗಿಗೆ ಮಾಸ್ಕ್ ಕಟ್ಟಿ. ನಮ್ಮ ಕಾರಿಗಿಂತ ನಿಮ್ಮ ಎದೆ ಮುಖ್ಯ.

ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಬೆಂಡ್ ಆಗಿದೆ ಅನ್ನುತ್ತಾರೆ. ಬಹಳ ಸಲ ಅದು ಬಾಗಿರುವುದಿಲ್ಲ, ದಪ್ಪ ಒಂದೇ ಸಮ ಇರುವುದಿಲ್ಲ ಅಷ್ಟೇ. ತಲೆಕೂದಲಿನ ದಪ್ಪಕ್ಕಿಂತ ಕಡಿಮೆ ಏರುಪೇರು ಕೂಡ ಕೈಗೆ ತಿಳಿಯುತ್ತದೆ. ಕೆಂಡದಂತೆ ಕಾದ ಚಕ್ರಕ್ಕೆ ತಣ್ಣೀರು ಹೊಡೆಸಿ ತೊಳೆಸುವುದು ಡಿಸ್ಕಿಗೆ ಒಳ್ಳೆಯದಲ್ಲ. ಕಾರು ಒಂದು ಕಡೆ ಎಳೆದರೆ ಸಾಮಾನ್ಯವಾಗಿ ಪ್ಯಾಡುಗಳನ್ನು ಹಿಡಿದಿರುವ ಒಂದು ಕ್ಯಾಲಿಪರಿನ ಪಿನ್ ಧೂಳಿನಿಂದ ಬಿಗಿದಿರುತ್ತದೆ. ಓಡಿಸಿ ಬಂದು ಎರಡು ಮುಂದಿನ ಚಕ್ರಗಳ ಹತ್ತಿರ ಅಂಗೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಜಾಸ್ತಿ ಬಿಸಿ ಇದ್ದರೆ ಅಲ್ಲೇ ತೊಂದರೆ ಇದೆ.

ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ಟಕಟಕ ಬಡಿಯುವುದು ದೋಷವಲ್ಲ. ಅದು ಎಬಿಎಸ್, 2019ರ ಏಪ್ರಿಲ್‌ನಿಂದ ನಮ್ಮ ದೇಶದ ಹೊಸ ಕಾರುಗಳಿಗೆ ಕಡ್ಡಾಯ. ಚಕ್ರ ಪೂರ್ತಿ ಕಚ್ಚಿಕೊಂಡು ಜಾರದಂತೆ ಹಿಡಿದು ಬಿಟ್ಟು ಮಾಡುತ್ತದೆ. ಹೆದರಿ ಕಾಲು ತೆಗೆಯಬೇಡಿ. ಆದರೆ ಅದಕ್ಕೂ ಮಿತಿ ಇದೆ. ಕಾರನ್ನು ಕೊನೆಗೆ ತಡೆಯುವುದು ಟೈರು ಮತ್ತು ರಸ್ತೆಯ ಹಿಡಿತ. ಸುಗ್ಗಿಯಲ್ಲಿ ಸಿರುಗುಪ್ಪ, ಗಂಗಾವತಿ ಕಡೆ ರಸ್ತೆಯ ಮೇಲೆ ಭತ್ತ ಒಣಹಾಕಿರುತ್ತಾರೆ. ಕಾಳುಗಳು ಟೈರಿನ ಕೆಳಗೆ ಜಾರುತ್ತವೆ, ಹಿಡಿತ ಸಿಗುವುದಿಲ್ಲ. ಎಷ್ಟು ಒಳ್ಳೆಯ ಬ್ರೇಕ್ ಇದ್ದರೂ ಅಲ್ಲಿ ನೆರವಿಗೆ ಬರುವುದಿಲ್ಲ. ರೈತರಿಗೆ ಕಣ ಸಾಲದು, ಅವರ ಕಷ್ಟ ನನಗೆ ಗೊತ್ತು. ಕಾಳು ಕಂಡ ಕೂಡಲೇ ದೂರದಿಂದಲೇ ನಿಧಾನ ಮಾಡಬೇಕಾದವರು ನಾವು.

ಬೂಸ್ಟರ್ ಸರಿ ಇದೆಯೋ ಇಲ್ಲವೋ ಮನೆಯ ಮುಂದೆಯೇ ನೋಡಬಹುದು. ಇಂಜಿನ್ ಬಂದ್ ಇರುವಾಗ ಪೆಡಲನ್ನು ಐದಾರು ಸಲ ಒತ್ತಿ, ಗಟ್ಟಿಯಾದ ಮೇಲೆ ಒತ್ತಿ ಹಿಡಿದೇ ಇಂಜಿನ್ ಶುರು ಮಾಡಿ. ಪೆಡಲ್ ತುಸು ಕೆಳಗಿಳಿಯಬೇಕು. ಇಳಿಯದಿದ್ದರೆ ನಿರ್ವಾತದ ಪೈಪು ಅಥವಾ ಬೂಸ್ಟರ್ ಕೈಕೊಟ್ಟಿರಬಹುದು, ಗ್ಯಾರೇಜಿಗೆ ತೋರಿಸಬೇಕು.

ಅವತ್ತು ಚಾಚಾ ನನ್ನ ಕಾರಿನಿಂದ ಇಳಿಸಿದ ಬ್ರೇಕ್ ಆಯಿಲ್ ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ಹೊಸದು ತೆಳು ಜೇನಿನ ಬಣ್ಣ. ನಾಲ್ಕೂ ಚಕ್ರದಿಂದ ಹಳೆಯದನ್ನು ತೆಗೆದು, ಗಾಳಿ ಬಿಡಿಸಿ ಮುಗಿಸಿದಾಗ ಬಾಟಲಿಯಲ್ಲಿ ಕಾಲು ಭಾಗ ಉಳಿದಿತ್ತು. ಮುಂದಿನ ಸಲಕ್ಕೆ ಆಗುತ್ತದೆ ಎಂದು ನಾನು ಕೈ ಚಾಚಿದೆ.

"ಬ್ಯಾಡ್ರಿ," ಅಂದರು ಚಾಚಾ. "ಬಾಟ್ಲಿ ಬಾಯಿ ತೆಗದಾಗಿಂದ ಅದೂ ಕುಡಿಯಾಕ ಶುರು ಮಾಡೈತಿ."