ರವದಿ ಬಿಟ್ಟ ಕೂಳೆ ಕಬ್ಬು ಯಾಕೆ ಹಳದಿಯಾಗುತ್ತೆ?

ಮುಧೋಳ, ಜಮಖಂಡಿ, ಗೋಕಾಕ ಕಡೆ ಕಬ್ಬು ಕಟಾವಾದ ಮೇಲೆ ರವದಿಗೆ, ಅಂದರೆ ಹೊಲದಲ್ಲಿ ಉಳಿದ ಒಣ ಎಲೆಗೆ, ಬೆಂಕಿ ಹಚ್ಚೋದು ಮಾಮೂಲು. ಸುಡಬೇಡಿ ಅಂದರೆ ಬರುವ ಉತ್ತರ ಹೆಚ್ಚಾಗಿ ಒಂದೇ: "ರವದಿ ಬಿಟ್ರ ಕೂಳೆ ಹಳದಿ ಆಗ್ತೈತ್ರಿ ಸರ್." ಕೂಳೆ (ಕಟಾವಾದ ಬುಡದಿಂದ ಮತ್ತೆ ಚಿಗುರುವ ಕಬ್ಬು) ಹಳದಿಯಾಗುತ್ತೆ ಅನ್ನೋ ಈ ಮಾತು ಸುಳ್ಳಲ್ಲ. ಎಷ್ಟೋ ಹೊಲಗಳಲ್ಲಿ ನಾನೂ ನೋಡಿದ್ದೇನೆ. ಆದರೆ ಅದಕ್ಕೆ ರವದಿ ಸುಡೋದು ಮದ್ದಲ್ಲ. ಸುಟ್ಟರೆ ಅದರಲ್ಲಿದ್ದ ಸಾರಜನಕದ ಬಹುಪಾಲು ಹೊಗೆಯ ಜೊತೆ ಹೋಗುತ್ತದೆ. ಬೂದಿಯಲ್ಲಿ ಪೊಟ್ಯಾಷ್, ಒಂದಿಷ್ಟು ರಂಜಕ ಉಳಿಯುತ್ತೆ, ಅಷ್ಟೇ.

ಹಳದಿ ಯಾಕೆ ಅಂತ ತಿಳಿಯಲು ಸಣ್ಣ ಲೆಕ್ಕ ಸಾಕು. ಒಂದು ಟನ್ ಒಣ ರವದಿಯಲ್ಲಿ ಸುಮಾರು 400 ಕೆಜಿ ಇಂಗಾಲ ಇರುತ್ತದೆ. ಸಾರಜನಕ ಬರೀ 4–5 ಕೆಜಿ. ಕೊಳೆಸುವ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ತಿಂದ ಇಂಗಾಲದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲನ್ನು ಮಾತ್ರ ಮೈಗೆ ಸೇರಿಸಿಕೊಳ್ಳುತ್ತವೆ. ಉಳಿದದ್ದು ಉಸಿರಾಟದಲ್ಲಿ ಗಾಳಿಗೆ ಹೋಗುತ್ತದೆ. ಮೈಗೆ ಸೇರುವ ಪ್ರತಿ 8 ಕೆಜಿ ಇಂಗಾಲಕ್ಕೆ ಅವಕ್ಕೆ ಸುಮಾರು 1 ಕೆಜಿ ಸಾರಜನಕ ಬೇಕು. ಅಂದರೆ ಟನ್ನಿಗೆ 16 ಕೆಜಿ. ರವದಿ ಕೊಡೋದು 5. ಉಳಿದ 11 ಕೆಜಿಯನ್ನು ಅವು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ. ಅದೇ ಹೊತ್ತಿಗೆ ಕೂಳೆ ಮೊಳಕೆ ಒಡೆದು, ಹೊಸ ಬೇರು ಬಿಟ್ಟು, ತನಗೂ ಬೇಕು ಅಂತ ಕೇಳುತ್ತಿರುತ್ತದೆ. ಈ ಪೈಪೋಟಿಯಲ್ಲಿ ಎಳೆ ಬೇರಿಗಿಂತ ಸೂಕ್ಷ್ಮಜೀವಿಗಳ ಕೈಯೇ ಮೇಲು.

ಇದು ಕಾಗದದ ಲೆಕ್ಕ. ಹೊಲದಲ್ಲಿ ರವದಿ ಒಂದೇ ಸಲ ಕೊಳೆಯಲ್ಲ, ತಿಂಗಳುಗಟ್ಟಲೆ ಹಿಡಿಯುತ್ತದೆ. ಹಾಗಾಗಿ ಅಷ್ಟೂ ಸಾರಜನಕ ಒಮ್ಮೆಲೇ ಬೇಕಾಗಲ್ಲ. ಮಣ್ಣು ಕೊಟ್ಟದ್ದು ಒಂಥರಾ ಕೈಗಡ. ತಿನ್ನಲು ಇಂಗಾಲ ಕಡಿಮೆಯಾಗಿ ಸೂಕ್ಷ್ಮಜೀವಿಗಳು ಸಾಯತೊಡಗಿದಾಗ ಸಾರಜನಕ ವಾಪಸ್ ಬರುತ್ತದೆ. ಪೂರ್ತಿ ಬರುತ್ತಾ? ಅದೇ ವರ್ಷ ಬರಲ್ಲ. ಬ್ರೆಜಿಲ್, ಆಸ್ಟ್ರೇಲಿಯಾದಲ್ಲಿ ಎಲ್ಲಿ ಹೋಗುತ್ತೆ ಅಂತ ಪತ್ತೆಯಾಗುವ ಹಾಗೆ ಗುರುತು ಹಾಕಿದ ಸಾರಜನಕ ಬಳಸಿ ನೋಡಿದ್ದಾರೆ. ರವದಿಯ ಸಾರಜನಕದಲ್ಲಿ ಮುಂದಿನ ಬೆಳೆಗೆ ಸಿಕ್ಕಿದ್ದು ಸಣ್ಣ ಪಾಲು. ಉಳಿದದ್ದರಲ್ಲಿ ಬಹಳಷ್ಟು ಮಣ್ಣಿನ ಸಾವಯವ ಅಂಶವಾಗಿ, ಇಲ್ಲವೇ ಇನ್ನೂ ಕೊಳೆಯದ ರವದಿಯಲ್ಲೇ ಉಳಿದುಕೊಂಡಿತ್ತು. "ರವದಿ ಬಿಟ್ಟರೆ ಈ ವರ್ಷವೇ ಯೂರಿಯಾ ಅರ್ಧ ಸಾಕು" ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಮೊದಲು ಎಲೆ ನೋಡಿ. ಎಲ್ಲ ಹಳದಿಯೂ ಸಾರಜನಕದ್ದಲ್ಲ. ಸಾರಜನಕ ಸಾಲದಿದ್ದರೆ ಗಿಡ ಹಳೇ ಎಲೆಯಿಂದ ಅದನ್ನು ಕಿತ್ತು ಎಳೆ ಎಲೆಗೆ ಕಳಿಸುತ್ತದೆ. ಹಾಗಾಗಿ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ, ತುದಿಯಿಂದ ಶುರುವಾಗಿ ಒಣಗುತ್ತದೆ. ಸುಳಿ ಪಕ್ಕದ ಎಳೆ ಎಲೆಯೇ ಬಿಳಚಿಕೊಂಡು, ನರ ಮಾತ್ರ ಹಸಿರು ಗೆರೆಗೆರೆಯಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಸುಣ್ಣದ ಅಂಶ ಜಾಸ್ತಿ ಇರುವ ಕಪ್ಪು ಮಣ್ಣಿನಲ್ಲಿ ಕೂಳೆಗೆ ಇದು ಬರೋದು ತೀರಾ ಸಾಮಾನ್ಯ. ರವದಿ ಸುಟ್ಟ ಹೊಲದಲ್ಲೂ ಬರುತ್ತೆ! ಅಲ್ಲಿ ಯೂರಿಯಾ ಸುರಿದು ಉಪಯೋಗವಿಲ್ಲ, ಅನ್ನಭೇದಿ (ಫೆರಸ್ ಸಲ್ಫೇಟ್) ಸಿಂಪಡಿಸಬೇಕು. ರವದಿಯ ಮೇಲೆ ಬರುವ ದೂರಿನಲ್ಲಿ ಒಂದಿಷ್ಟು ನಿಜಕ್ಕೂ ಕಬ್ಬಿಣದ ಕೊರತೆ ಅನ್ನೋದು ನನ್ನ ಅಂದಾಜು.

ಎರಡನೆಯದು, ರವದಿ ಎಲ್ಲಿದೆ ಅನ್ನೋದು. ರೋಟವೇಟರ್ ಹೊಡೆದು ಮಣ್ಣಿಗೆ ಬೆರೆಸಿದರೆ ಎಲ್ಲ ಕಡೆಯಿಂದಲೂ ಮಣ್ಣು ತಾಗಿ, ಕೊಳೆಯೋದೂ ಬೇಗ, ಸಾರಜನಕ ಎಳೆಯೋದೂ ಜೋರು. ಸುಮ್ನೆ ಸಾಲುಗಳ ನಡುವೆ ಹಾಸಿಟ್ಟರೆ ಮಣ್ಣಿಗೆ ತಾಗೋದು ಅಡಿಭಾಗ ಮಾತ್ರ. ಹಾಸಿ ಕೆಲವು ವಾರವಾದ ಮೇಲೆ ಒಂದು ಹಿಡಿ ಎತ್ತಿ ನೋಡಿ. ಮೇಲಿನ ಎಲೆ ಇನ್ನೂ ಗರಿಗರಿ. ಕೆಳಗಿನದು ಒದ್ದೆಯಾಗಿ, ಕಂದಾಗಿ, ಮಣ್ಣಿಗೆ ಅಂಟಿಕೊಂಡು, ಬಿಳಿ ಶಿಲೀಂಧ್ರದ ಎಳೆ ಹಬ್ಬಿರುತ್ತದೆ. ಕಡ ನಡೆಯುತ್ತಿರುವುದು ಈ ತೆಳ್ಳನೆಯ ಪದರದಲ್ಲಿ. ಬೇರು ಬಹುಪಾಲು ಅದಕ್ಕಿಂತ ಕೆಳಗಿರುತ್ತದೆ. ಆದ್ದರಿಂದ ಕೂಳೆಗೆ ಹಾಸುವುದೇ ನನ್ನ ಆಯ್ಕೆ. ನೀರು ಉಳಿಯುತ್ತೆ, ಕಳೆಯೂ ಕಡಿಮೆ.

ಈಗ ಯೂರಿಯಾ ಮಾತು. ರವದಿ ಬೇಗ ಕೊಳೆಯಲಿ ಅಂತ ಮೇಲೆ ಯೂರಿಯಾ ಎರಚಿ ನೀರು ಕೊಡದೆ ಬಿಡೋದು ನನಗೆ ಸ್ವಲ್ಪವೂ ಹಿಡಿಸದ ಪದ್ಧತಿ. ಕೊಳೆಯುವ ಎಲೆಯ ಮೇಲೆ ಯೂರಿಯಾ ಒಡೆಯುವ ಕಿಣ್ವ ಜಾಸ್ತಿ ಇರುತ್ತದೆ. ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ, ಕ್ಷಾರ ಮಣ್ಣಿದ್ದರೆ ಇನ್ನೂ ಬೇಗ. ಬೆಳೆಯ ಪಾಲನ್ನು ಸಾಲಿನ ಪಕ್ಕ ಮಣ್ಣೊಳಗೆ ಕೊಟ್ಟು ಮುಚ್ಚಿ, ಕೂಳೆ ಚಿಗುರುವಾಗಲೇ. ಹಳದಿ ಕಂಡ ಮೇಲೆ ಕೊಟ್ಟರೆ ಬುಡದಿಂದ ಮರಿ ಒಡೆಯುವ ಹೊತ್ತು ಕಳೆದಿರುತ್ತದೆ. ಡ್ರಿಪ್ ಇದ್ದವರಿಗೆ ಇದು ಸಲೀಸು. ಕೊಳೆಸುವ ಕಲ್ಚರ್ ಪ್ಯಾಕೆಟ್ ಹಾಕೋದಾದರೆ ಹಾಕಿ, ಆದರೆ ಅದು ತನ್ನ ಜೊತೆ ಸಾರಜನಕ ತರಲ್ಲ. ಅದಕ್ಕೂ ತಿನ್ನಲು ಬೇಕು. ಸಗಣಿ ರಾಡಿ ಜೊತೆ ಕೊಟ್ಟರೆ ಒಂದಿಷ್ಟು ಸಿಗುತ್ತದೆ.

ಇನ್ನೊಂದು ದಾರಿ ಹಸಿರೆಲೆ ಗೊಬ್ಬರ. ಸೆಣಬು, ಡಯಾಂಚದ ಎಳೆ ಎಲೆಯಲ್ಲಿ, ಗ್ಲಿರಿಸಿಡಿಯಾ ಸೊಪ್ಪಿನಲ್ಲಿ ಒಣತೂಕದ ಶೇ. 3ರ ಆಸುಪಾಸು ಸಾರಜನಕ ಇರುತ್ತದೆ. ರವದಿಯಲ್ಲಿ ಶೇ. 0.5 ಇದ್ದರೆ ಹೆಚ್ಚು. ಸುಮಾರು ಶೇ. 2 ದಾಟಿದ ಸೊಪ್ಪು ಸಾಮಾನ್ಯವಾಗಿ ಮಣ್ಣಿನಿಂದ ಕಡ ಕೇಳಲ್ಲ, ವಾರಗಳಲ್ಲೇ ಕೊಡಲು ಶುರು ಮಾಡುತ್ತದೆ. ಸಾಲುಗಳ ನಡುವೆ ಸೆಣಬು ಬಿತ್ತಿ ಹೂ ಬಿಡುವ ಹೊತ್ತಿಗೆ ಮಗುಚಿದರೆ ರವದಿಯ ಕೊರತೆ ಒಂದಿಷ್ಟು ತುಂಬುತ್ತದೆ. ಹೂ ಆಚೆಗೆ ಬಿಟ್ಟರೆ ಕಾಂಡ ಗಟ್ಟಿಯಾಗಿ, ಅದೂ ಮಣ್ಣಿನಿಂದಲೇ ಕೇಳಲು ಶುರು ಮಾಡುತ್ತದೆ.